ಸುಸ್ತಿನ ಲೆಕ್ಕ ಇಡುವ ಆ್ಯಪ್ ಮಾಡುತ್ತಿದ್ದೇವೆ. ಏಳಲಾಗದ ದಿನ ಅದು ಹೇಗಿರಬೇಕು?

ಫಿಲ್ಟರ್‌ಕಾಫಿ_ಮೈಸೂರು | ಭಾನುವಾರ, ಬೆಳಿಗ್ಗೆ 7.10

ಎಲ್ಲರಿಗೂ ನಮಸ್ಕಾರ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿ ನೋಯುವ ಕಾಯಿಲೆ, ಬಂದು ಆರು ವರ್ಷ ಆಯಿತು. ನೋವಿಗೆ ಮಾತ್ರೆ ಇದೆ, ಊತಕ್ಕೆ ಮಾತ್ರೆ ಇದೆ. ಸುಸ್ತಿಗೆ ಮಾತ್ರ ಯಾರ ಹತ್ತಿರವೂ ಸರಿಯಾದ ಉತ್ತರ ಇಲ್ಲ. ನಾನು ಮೈಸೂರಿನಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಬ್ಬರು ಗೆಳತಿಯರ ಜೊತೆ ಸಂಜೆ ಹೊತ್ತು ಕೂತು, ದೀರ್ಘ ಕಾಯಿಲೆ ಇರುವವರಿಗೆ ಕನ್ನಡದಲ್ಲಿ ಒಂದು ಆ್ಯಪ್ ಮಾಡುತ್ತಿದ್ದೇನೆ. ಮಾತ್ರೆ ನೆನಪಿಸುವುದು, ರಕ್ತ ಪರೀಕ್ಷೆಯ ವರದಿ ಇಡುವುದು, ಇದೆಲ್ಲ ಮುಗಿದಿದೆ. ಸುಸ್ತಿನ ಭಾಗಕ್ಕೆ ಬಂದು ನಿಂತುಬಿಟ್ಟಿದ್ದೇವೆ.

ಮೊದಲು ಏನು ಮಾಡಿದ್ದೆವು ಎಂದು ಹೇಳಿಬಿಡುತ್ತೇನೆ. 1989ರಲ್ಲಿ ಬಂದ ಫಟೀಗ್ ಸಿವಿಯರಿಟಿ ಸ್ಕೇಲ್ ಎಂಬ ಪ್ರಶ್ನಾವಳಿ ಇದೆ. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಅದನ್ನೇ ಕನ್ನಡಕ್ಕೆ ತಂದು ದಿನಾ ರಾತ್ರಿ 9ಕ್ಕೆ ಕೇಳುವ ಹಾಗೆ ಮಾಡಿದೆವು. ಬಿಡದೆ ತುಂಬಿದವರಿಗೆ ದಿನಕ್ಕೊಂದು ದೀಪ ಹತ್ತುತ್ತದೆ. ಒಂದು ದಿನ ತಪ್ಪಿದರೆ ಎಲ್ಲ ದೀಪ ಆರಿಹೋಗುತ್ತದೆ.

ಹೋದ ತಿಂಗಳು ನನಗೇ ಜೋರಾಗಿ ಬಂತು. ಬೆಳಿಗ್ಗೆ ಎದ್ದು ಕಾಫಿ ಫಿಲ್ಟರ್‌ನ ಮೇಲಿನ ಡಬ್ಬಿಯನ್ನು ಕೆಳಗಿನದರಿಂದ ಬಿಡಿಸಲು ಹೋದೆ. ಬೆರಳು ಮಡಚಲಿಲ್ಲ. ಎರಡು ಅಂಗೈ ನಡುವೆ ಇಟ್ಟು ಒತ್ತಿದೆ. ಆಗಲಿಲ್ಲ. ಹಾಗೇ ಅಡುಗೆಮನೆ ನೆಲದ ಮೇಲೆ ಕೂತೆ. ಒಲೆ ಮೇಲೆ ಹಾಲು ಏರುತ್ತಿರುವುದು ಕಾಣುತ್ತಿತ್ತು. ಎದ್ದು ಆರಿಸಬೇಕು ಎಂದು ಗೊತ್ತು. ಏಳಲಾಗಲಿಲ್ಲ. ಹಾಲು ಉಕ್ಕಿ ಒಲೆ ತಾನೇ ಆರಿತು, ಆಮೇಲೆ ಗ್ಯಾಸ್ ವಾಸನೆಗೆ ಹೆದರಿ ಗೋಡೆ ಹಿಡಿದು ಎದ್ದೆ.

ಅವತ್ತು ರಾತ್ರಿ 9ಕ್ಕೆ ನನ್ನದೇ ಆ್ಯಪ್ ಒಂಬತ್ತು ಪ್ರಶ್ನೆ ಹಿಡಿದುಕೊಂಡು ಬಂತು. ಫೋನಿನ ಬೆಳಕೇ ಕಣ್ಣಿಗೆ ಚುಚ್ಚುತ್ತಿತ್ತು. ಮಗುಚಿ ಇಟ್ಟೆ. ಮರುದಿನವೂ ಅಷ್ಟೇ. ನಾಲ್ಕನೇ ದಿನ ತೆರೆದರೆ ದೀಪಗಳೆಲ್ಲ ಆರಿದ್ದವು. ಅತ್ತುಬಿಟ್ಟೆ.

ಗ್ರಾಫ್ ನೋಡಿದಾಗ ಇನ್ನೂ ಒಂದು ವಿಷಯ ಗೊತ್ತಾಯಿತು. ಅದರ ಪ್ರಕಾರ ಆ ತಿಂಗಳು ನಾನು ಚೆನ್ನಾಗಿಯೇ ಇದ್ದೆ. ಯಾಕೆಂದರೆ ತುಂಬಿದ್ದು ಚೆನ್ನಾಗಿದ್ದ ದಿನ ಮಾತ್ರ. ಖಾಲಿ ಬಿಟ್ಟ ಆ ಮೂರು ದಿನವೇ ಡಾಕ್ಟರಿಗೆ ಕಾಣಬೇಕಾಗಿದ್ದ ದಿನ.

ಅದಕ್ಕೇ ಕೇಳುತ್ತಿದ್ದೇನೆ. ಏಳಲೂ ಆಗದ ದಿನ ನಿಮ್ಮಿಂದ ಎಷ್ಟು ಆಗುತ್ತದೆ? ಒಂದು ಗುಂಡಿ ಒತ್ತುವುದು? ಒಂದು ಮಾತು? ಅದೂ ಇಲ್ಲವಾ? ಆ ದಿನದ ಅಳತೆಗೆ ಇದನ್ನು ಮಾಡಬೇಕು ಎಂದು ನನ್ನ ಆಸೆ.

ಅಮ್ಮನ_ಜೊತೆ | ಭಾನುವಾರ, ಬೆಳಿಗ್ಗೆ 8.02

ನಮ್ಮ ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲ ನಾಲ್ಕು ಗಂಟೆ. ಮುಗಿಸಿ ಆಟೋದಲ್ಲಿ ಬರುವಾಗ ಕತ್ತು ನಿಲ್ಲುವುದಿಲ್ಲ, ನನ್ನ ಭುಜಕ್ಕೆ ಒರಗಿಕೊಳ್ಳುತ್ತಾರೆ. ಮನೆಗೆ ಬಂದು ಮಲಗಿದರೆ ಸಂಜೆವರೆಗೂ ಮಾತಿಲ್ಲ.

ಅವರ ಹತ್ತಿರ ಇರುವುದು ಗುಂಡಿ ಫೋನ್. ಆದರೆ ಮಿಸ್ಡ್ ಕಾಲ್ ಕೊಡುವುದು ಚೆನ್ನಾಗಿ ಗೊತ್ತು. ನೀವು ಒಂದು ನಂಬರ್ ಕೊಡಿ. ಅದಕ್ಕೆ ಮಿಸ್ಡ್ ಕಾಲ್ ಬಂದರೆ 'ಇವತ್ತು ಆಗಲಿಲ್ಲ' ಎಂದು ಬರೆದುಕೊಳ್ಳಲಿ. ಅಷ್ಟು ಸಾಕು. ಅಮ್ಮ ಒಂದೇ ಗುಂಡಿ ಒತ್ತಿ ಹಿಡಿದು ಮಾಡುತ್ತಾರೆ.

ಕನ್ನಡ_ಮೇಷ್ಟ್ರು_ಮನೆ | ಭಾನುವಾರ, ಬೆಳಿಗ್ಗೆ 9.35

ನಾನು ನಿವೃತ್ತ ಶಿಕ್ಷಕಿ. ಹದಿನೈದು ವರ್ಷದಿಂದ ಥೈರಾಯ್ಡ್. ಆ್ಯಪ್ ವಿಚಾರ ನನಗೆ ಜಾಸ್ತಿ ಗೊತ್ತಿಲ್ಲ, ಪದದ ಬಗ್ಗೆ ಹೇಳುತ್ತೇನೆ.

'ಆಯಾಸದ ತೀವ್ರತೆ' ಎಂದು ದಯವಿಟ್ಟು ಬರೆಯಬೇಡಿ. ಯಾರೂ ಹಾಗೆ ಮಾತಾಡುವುದಿಲ್ಲ. ನಮ್ಮ ಕಡೆ ಇದಕ್ಕೆ ಎಷ್ಟು ಮಾತಿದೆ ನೋಡಿ. ದಣಿವು ಎಂದರೆ ಕೆಲಸ ಮಾಡಿ ಬಂದದ್ದು, ಒಂದು ಲೋಟ ಮಜ್ಜಿಗೆ ಕುಡಿದು ಕೂತರೆ ಹೋಗುತ್ತದೆ. ಸುಸ್ತು ಹಾಗಲ್ಲ, ಮಲಗಿ ಎದ್ದರೂ ಇರುತ್ತದೆ. ನಿಶ್ಶಕ್ತಿ ಎಂದರೆ ಊಟ ಸೇರದೆ, ಜ್ವರ ಬಂದು ಹೋದ ಮೇಲಿನ ಸ್ಥಿತಿ. ಕೈಕಾಲು ಸೋತು ಬರುವುದು ಬೇರೆ. ತಲೆಗೆ ಮಂಕು ಕವಿಯುವುದು ಇನ್ನೂ ಬೇರೆ. ನನಗೆ ಥೈರಾಯ್ಡ್ ಏರುಪೇರಾದಾಗ ಮೊದಲು ಬರುವುದು ಮಂಕು. ಮೈ ಆಮೇಲೆ. ಎದುರು ಮನೆ ಹುಡುಗಿಯ ಹೆಸರು ನಾಲಿಗೆ ತುದಿಯಲ್ಲಿರುತ್ತದೆ, ಬರುವುದಿಲ್ಲ.

'ನಿಮ್ಮ ಸುಸ್ತು 10ರಲ್ಲಿ ಎಷ್ಟು?' ಎಂದು ಕೇಳುವುದಕ್ಕಿಂತ ಮೈ ಭಾರವಾ, ಕೈಕಾಲು ಸೋಲುತ್ತಿದೆಯಾ, ತಲೆ ಮಂಕಾ ಎಂದು ಕೇಳಿ. ನಮ್ಮಂಥವರು ತಟ್ಟನೆ ಹೇಳುತ್ತೇವೆ.

ನಾಲೆ_ಏರಿ | ಭಾನುವಾರ, ಮಧ್ಯಾಹ್ನ 1.48

ಮಂಡ್ಯದ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ನನಗೆ ಲೂಪಸ್, ಮೈಯ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ನಾಲ್ಕು ವರ್ಷದ ಹಿಂದೆ ಗೊತ್ತಾಯಿತು. ಅದಕ್ಕೂ ಮುಂಚೆ ಎರಡು ವರ್ಷ 'ಸುಮ್ನೆ ಸೋಮಾರಿ' ಎನ್ನಿಸಿಕೊಂಡಿದ್ದೇನೆ. ಒಬ್ಬ ಡಾಕ್ಟರ್ ಕೂಡ 'ಮದುವೆ ಆದರೆ ಸರಿಹೋಗುತ್ತೆ' ಎಂದಿದ್ದರು.

ಹೋದ ವರ್ಷ ಅಣ್ಣನ ಮದುವೆ ಆಯಿತು. ಬೀಗರೂಟದ ದಿನ ಬೆಳಿಗ್ಗೆಯಿಂದ ನಿಂತೇ ಇದ್ದೆ. ಬಂದವರನ್ನು ಮಾತಾಡಿಸಿದೆ, ಎಲೆ ಹಾಕಿದೆ, ಮುದ್ದೆ ಬಡಿಸಿದೆ. ಎಲ್ಲರೂ 'ಹುಷಾರಾಗಿದ್ದಾಳೆ' ಎಂದು ಖುಷಿಪಟ್ಟರು. ನನಗೂ ಖುಷಿ ಆಗಿತ್ತು, ಸುಳ್ಳು ಹೇಳುವುದಿಲ್ಲ. ಮರುದಿನ ಪರವಾಗಿಲ್ಲ ಅನ್ನಿಸಿತು. ಅದರ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ತಲೆ ಎತ್ತಲಾಗಲಿಲ್ಲ. ಐದು ದಿನ. ಅಷ್ಟೊತ್ತಿಗೆ ನೆಂಟರೆಲ್ಲ ಹೋಗಿದ್ದರು. ಅವರ ಕಣ್ಣಲ್ಲಿ ನಾನು ಓಡಾಡಿದ್ದಷ್ಟೇ ಇದೆ. ಈಗ ಆಗಲ್ಲ ಎಂದರೆ 'ಅವತ್ತು ಚೆನ್ನಾಗೇ ಓಡಾಡ್ತಿದ್ದಲ್ಲ' ಎನ್ನುತ್ತಾರೆ.

ಅದಕ್ಕೆ ನನ್ನದೊಂದು ಯೋಚನೆ. ಎಲ್ಲ ಆ್ಯಪ್‌ಗಳಲ್ಲೂ ಬ್ಯಾಟರಿ ಚಿತ್ರ ಹಾಕುತ್ತಾರೆ. ಬ್ಯಾಟರಿ ರಾತ್ರಿ ಚಾರ್ಜ್‌ಗೆ ಹಾಕಿದರೆ ಬೆಳಿಗ್ಗೆ ನೂರಕ್ಕೆ ನೂರು. ನಮ್ಮ ಮೈ ಹಾಗಿದೆಯಾ? ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ಏನೂ ತುಂಬಿರುವುದಿಲ್ಲ.

ನಮ್ಮಪ್ಪ ದಿನಾ ಪೇಪರ್ ಬಂದ ತಕ್ಷಣ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. ಇಂದಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು. ಗರಿಷ್ಠ 124.80 ಅಡಿ ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಒಂದು ಮಳೆಗೆ ಕಟ್ಟೆ ತುಂಬುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹೊರಹರಿವು ಜಾಸ್ತಿ ಆದರೆ ಮಟ್ಟ ಇಳಿಯುತ್ತದೆ, ಅದೂ ಗೊತ್ತು. ಸುಸ್ತನ್ನು ಹಾಗೆ ತೋರಿಸಿದರೆ ನಮ್ಮಪ್ಪನಿಗೆ ನಾನು ಒಂದು ಮಾತೂ ವಿವರಿಸಬೇಕಾಗಿಲ್ಲ.

ಇನ್ನೊಂದು. ನೀರು ಕಡಿಮೆ ಇದ್ದಾಗ ನಾಲೆಗೆ ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ನಿಲ್ಲಿಸಿದ ದಿನ 'ಯಾಕೆ ಗದ್ದೆಗೆ ನೀರು ಕಟ್ಟಿಲ್ಲ' ಎಂದು ಯಾರೂ ನಮ್ಮಪ್ಪನನ್ನು ಕೇಳುವುದಿಲ್ಲ. ಇವತ್ತು ಬಿಡೋ ದಿನ ಅಲ್ಲ, ಮುಗಿಯಿತು. ನನಗೆ ಬೇಕಾಗಿರುವುದು ಅಂಥ ಒಂದು ಮಾತು. 'ಇವತ್ತು ನಾಲೆ ನಿಲ್ಲಿಸಿದೆ' ಎಂದರೆ ಮನೆಯಲ್ಲಿ ಮುಂದಿನ ಪ್ರಶ್ನೆ ಬರಬಾರದು.

2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಭತ್ತ ನಾಟಿ ಮಾಡಲಿಲ್ಲ, ರಾಗಿ ಹಾಕಿದೆವು. ಇರುವ ನೀರಿಗೆ ತಕ್ಕ ಬೆಳೆ. ನನಗೆ 124.80 ಇನ್ನು ಬರುತ್ತದೋ ಇಲ್ಲವೋ. ಇವತ್ತಿನ ನೀರಿಗೆ ಏನು ಬೆಳೆ ಎಂದು ಹೇಳುವ ಆ್ಯಪ್ ಮಾಡಿಕೊಡಿ ಅಕ್ಕ.

ಫಿಲ್ಟರ್‌ಕಾಫಿ_ಮೈಸೂರು | ಭಾನುವಾರ, ಮಧ್ಯಾಹ್ನ 2.20

ಮೂರು ಸಲ ಓದಿದೆ. ಗೆಳತಿಯರಿಗೂ ಕಳಿಸಿದೆ. ಬ್ಯಾಟರಿ ಚಿತ್ರ ಇವತ್ತೇ ತೆಗೆಯುತ್ತೇವೆ.

ವ್ಯಾಯಾಮ_ಕೋಣೆ | ಭಾನುವಾರ, ಸಂಜೆ 6.15

ಫಿಸಿಯೋಥೆರಪಿಸ್ಟ್ ಆಗಿ ಎರಡು ಮಾತು.

ಆ ಒಂಬತ್ತು ಪ್ರಶ್ನೆಗಳು ಕೇಳುವುದು ಕಳೆದ ಒಂದು ವಾರದ ಬಗ್ಗೆ. ದಿನಾ ಕೇಳಲು ಮಾಡಿದ್ದಲ್ಲ. ತಿಂಗಳಿಗೊಮ್ಮೆ, ಡಾಕ್ಟರ ಹತ್ತಿರ ಹೋಗುವ ಮುಂಚೆ ಕೇಳಿದರೆ ಉಪಯೋಗ ಇದೆ. ಜನ ತುಂಬದೆ ಬಿಟ್ಟರೆ ಅವರ ತಪ್ಪಲ್ಲ.

ಎರಡನೆಯದು ಸ್ವಲ್ಪ ಕಷ್ಟದ ಮಾತು. ವಿಶ್ರಾಂತಿಯನ್ನೇ ಹೇಳುತ್ತಾ ಹೋಗುವ ಆ್ಯಪ್ ಮಾಡಬೇಡಿ. ರುಮಟಾಯ್ಡ್ ಇರುವವರಿಗೆ ಅಳತೆ ನೋಡಿ, ನಿಧಾನವಾಗಿ ಹೆಚ್ಚಿಸುವ ವ್ಯಾಯಾಮದಿಂದ ಸುಸ್ತು ಕಡಿಮೆ ಆಗುತ್ತದೆ. ನನ್ನ ಹತ್ತಿರ ಬರುವವರಲ್ಲೇ ನೋಡಿದ್ದೇನೆ. ಹೆದರಿ ಮಲಗಿಯೇ ಇದ್ದರೆ ಮಾಂಸಖಂಡ ಕರಗುತ್ತದೆ, ಆಮೇಲೆ ನಾಲ್ಕು ಹೆಜ್ಜೆಯೂ ಭಾರ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ದಿನಾ ಹತ್ತು ನಿಮಿಷ, ಮುಂದಿನ ವಾರ ಹನ್ನೆರಡು, ಹೀಗೆ ಆ್ಯಪ್ ಹೇಳಲಿ.

ಮಲಗಿಯೇ_ಬರೆದೆ | ಭಾನುವಾರ, ರಾತ್ರಿ 8.50

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. ಎಲ್ಲರಿಗೂ ಅನ್ವಯಿಸುವ ಹಾಗೆ ಬರೆಯಬೇಡಿ, ದಯವಿಟ್ಟು.

ನನಗೆ ಕೋವಿಡ್ ಆದ ಮೇಲೆ ಶುರುವಾಯಿತು. ಕೊನೆಗೆ ವಿಶ್ರಾಂತಿಯಿಂದಲೂ ಹೋಗದ ದೀರ್ಘ ಸುಸ್ತಿನ ಕಾಯಿಲೆ, ಎಂಇ/ಸಿಎಫ್‌ಎಸ್ ಎಂದರು. ನನಗೂ ಹೀಗೇ 'ವಾರಕ್ಕೆರಡು ನಿಮಿಷ ಜಾಸ್ತಿ ಮಾಡಿ' ಎಂದಿದ್ದರು. ನಂಬಿ ಮಾಡಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಿದ್ದವನು ನಾನು. ಎರಡು ತಿಂಗಳಲ್ಲಿ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವ ಸ್ಥಿತಿಗೆ ಬಂದೆ. ಈ ಕಾಯಿಲೆಯಲ್ಲಿ ಮೈಗಾಗಲಿ ತಲೆಗಾಗಲಿ ಶಕ್ತಿ ಮೀರಿ ಕೆಲಸ ಕೊಟ್ಟರೆ ಹೊಡೆತ ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಬೀಳುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ಹೊಸ ಮಾರ್ಗಸೂಚಿ ತಂದು, ಇಷ್ಟಿಷ್ಟು ಎಂದು ಕಟ್ಟಿ ಹೆಚ್ಚಿಸುತ್ತಾ ಹೋಗುವ ವ್ಯಾಯಾಮವನ್ನು ಎಂಇ/ಸಿಎಫ್‌ಎಸ್‌ಗೆ ಕೊಡಬೇಡಿ ಎಂದಿದೆ. ಆದ್ದರಿಂದ ಕಾಯಿಲೆ ಯಾವುದು ಎಂದು ಕೇಳದೆ ಆ್ಯಪ್ ಒಂದು ಹೆಜ್ಜೆಯನ್ನೂ ಹೇಳಬಾರದು.

ನನಗೆ ನಿಂತ ಹತ್ತು ನಿಮಿಷದೊಳಗೆ ಎದೆಬಡಿತ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಬಡಿತದಷ್ಟು ಏರುತ್ತದೆ. ಪಾಟ್ಸ್ ಎನ್ನುತ್ತಾರೆ. ಕೂತು ಪಾತ್ರೆ ತೊಳೆಯುವುದು ಒಂದು ಲೆಕ್ಕ, ನಿಂತು ತೊಳೆಯುವುದು ಇನ್ನೊಂದು ಲೆಕ್ಕ. ಸ್ನಾನ ಮಾಡಿದರೆ ಅರ್ಧ ದಿನ ಹೋಯಿತು. ಇದು ಯಾವ ಹೆಜ್ಜೆ ಎಣಿಕೆಯಲ್ಲೂ ಬರುವುದಿಲ್ಲ. ಅಂದಹಾಗೆ, ಆ 10,000 ಹೆಜ್ಜೆ ಎಂಬುದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ್ದು. ವೈದ್ಯರು ಅಳೆದು ಕೊಟ್ಟ ಅಂಕಿ ಅಲ್ಲ.

ಇಷ್ಟು ಬರೆಯಲು ಎರಡು ಗಂಟೆ ಆಯಿತು. ಉತ್ತರ ಬಂದರೆ ನಾಳಿದ್ದು ನೋಡುತ್ತೇನೆ.

ವ್ಯಾಯಾಮ_ಕೋಣೆ | ಭಾನುವಾರ, ರಾತ್ರಿ 9.30

ನಿಮ್ಮ ಮಾತು ಸರಿ. ನಾನು ರುಮಟಾಯ್ಡ್ ಮನಸ್ಸಿನಲ್ಲಿಟ್ಟು ಬರೆದೆ, ಆದರೆ ಆ್ಯಪ್ ಎಲ್ಲರ ಕೈಗೂ ಹೋಗುತ್ತದೆ. 'ಜಾಸ್ತಿ ಓಡಾಡಿದ ಎರಡನೇ ದಿನ ಬಿದ್ದುಹೋಗುತ್ತೀರಾ?' ಎಂಬ ಒಂದು ಪ್ರಶ್ನೆ ಮೊದಲೇ ಇರಲಿ. ಹೌದು ಎಂದರೆ 'ಇನ್ನಷ್ಟು ನಡೆಯಿರಿ' ಎಂಬ ಮಾತು ಅವರಿಗೆ ಯಾವತ್ತೂ ಕಾಣಬಾರದು. ನೀವು ಉತ್ತರ ಬರೆಯಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ.

ಔಷಧಿ_ಅಂಗಡಿ | ಸೋಮವಾರ, ಬೆಳಿಗ್ಗೆ 10.05

ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಸುಸ್ತು ಎಂದು ಬರುವವರಲ್ಲಿ ಎಷ್ಟೋ ಜನರ ಕಥೆ ಮಾತ್ರೆ ಚೀಟಿಯಲ್ಲೇ ಇರುತ್ತದೆ. ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ನಮ್ಮ ಮೈಸೂರಿನಲ್ಲಿ ಕಾಫಿಗೆ ಅಷ್ಟು ಹೊತ್ತು ಕಾಯುವವರು ಕಡಿಮೆ, ಕಾಫಿ ಜೊತೆಗೇ ನುಂಗುತ್ತಾರೆ. ಮಾತ್ರೆ ಸರಿಯಾಗಿ ಹೀರುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇದ್ದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ತಗೊಂಡರೂ ಅರ್ಧ ದಂಡ. ಬಿಪಿಗೆ ಕೊಡುವ ಬೀಟಾ ಬ್ಲಾಕರ್‌ಗಳಿಂದ, ಶೀತ ಅಲರ್ಜಿಯ ಕೆಲವು ಮಾತ್ರೆಗಳಿಂದ ಸುಸ್ತು ಬರುತ್ತದೆ.

ಗ್ರಾಫ್ ಮೇಲೆ ಹೊಸ ಮಾತ್ರೆ ಶುರುವಾದ ದಿನ, ಡೋಸ್ ಬದಲಾದ ದಿನ ಒಂದು ಗೆರೆ ಬರಲಿ. ಅಷ್ಟರಲ್ಲೇ ಡಾಕ್ಟರಿಗೆ ಎಷ್ಟೋ ತಿಳಿಯುತ್ತದೆ.

ಆರ್ಥ್ರೈಟಿಸ್‌ನವರು ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನದ ಮಾತ್ರೆ. ಮರೆತು ದಿನಾ ತೆಗೆದುಕೊಂಡರೆ ಪ್ರಾಣಕ್ಕೆ ಅಪಾಯ. ತಲೆ ಮಂಕಾದ ದಿನ ಈ ತಪ್ಪು ಆಗುವುದು ಸುಲಭ. ನಿಮ್ಮ ಆ್ಯಪ್ ಆ ಮಾತ್ರೆಯನ್ನು ವಾರದ ಹೆಸರಿನೊಂದಿಗೆ ತೋರಿಸಲಿ, ಒಮ್ಮೆ 'ತಗೊಂಡೆ' ಎಂದ ಮೇಲೆ ಮುಂದಿನ ವಾರದವರೆಗೆ ಬೀಗ ಹಾಕಲಿ. ಮತ್ತೆ, ಎದೆನೋವು, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು ಬಂದರೆ ಮಟ್ಟ ಗಿಟ್ಟ ತೋರಿಸುತ್ತಾ ಕೂರಬಾರದು. ನೇರ 108ಕ್ಕೆ ಫೋನ್ ಹೋಗಬೇಕು.

ಗೆಜ್ಜಲಗೆರೆ_ಬಸ್ಸು | ಸೋಮವಾರ, ಮಧ್ಯಾಹ್ನ 12.40

ಮನೆಯವರಿಗೆ ಕಾಣುವುದು ಒಳ್ಳೆಯದೇ. ಆದರೆ ನನ್ನ ಫೋನ್ ಮನೆಯಲ್ಲಿ ನಾಲ್ಕು ಜನರ ಕೈಗೆ ಹೋಗುತ್ತದೆ. ಮುಟ್ಟಿನ ದಿನಾಂಕ, ಮನಸ್ಸು ಕುಗ್ಗಿದ ದಿನ, ಇದೆಲ್ಲ ಅತ್ತೆಯ ಕಣ್ಣಿಗೆ ಬೀಳುವುದು ನನಗೆ ಬೇಡ. ಕೆಲಸದ ಕಡೆಗೆ ಗೊತ್ತಾದರೆ ಅದೂ ಕಷ್ಟ. ಹಿಂದೆ ಒಂದು ಕಡೆ 'ಪದೇ ಪದೇ ಹುಷಾರಿಲ್ಲ' ಎಂದು ನನ್ನ ಪಾಳಿ ಕಿತ್ತುಕೊಂಡಿದ್ದರು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆ ಬಂದಿದೆ, ಒಪ್ಪಿಗೆ ಕೇಳಲೇಬೇಕು ಎಂದಿದೆ. ಒಪ್ಪಿಗೆಯನ್ನು ಕನ್ನಡದಲ್ಲಿ, ನಾಲ್ಕು ಸಾಲಿನಲ್ಲಿ ಕೇಳಿ. ಮಟ್ಟ ಮಾತ್ರ ಮನೆಗೆ, ಉಳಿದದ್ದು ನನಗೆ.

ಅಮ್ಮನ_ಜೊತೆ | ಸೋಮವಾರ, ಸಂಜೆ 7.20

ಅಣೆಕಟ್ಟಿನ ಯೋಚನೆ ಅಮ್ಮನಿಗೆ ಓದಿ ಹೇಳಿದೆ. ಇಷ್ಟ ಆಯಿತು. ಆದರೆ ಅವರು ಒಂದು ಮಾತು ಹೇಳಿದರು: 'ನಾನು ಏನೂ ಕೆಲಸ ಮಾಡದಿದ್ದರೂ ಡಯಾಲಿಸಿಸ್ ದಿನ ನೀರು ಖಾಲಿ ಆಗುತ್ತಲ್ಲ.' ಹೊರಹರಿವಿನಲ್ಲಿ ಬರೀ ಕೆಲಸ ಬರೆದರೆ ಸಾಲದು. ಚಿಕಿತ್ಸೆ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ಅಳು, ಜಗಳ, ಇದೂ ಬರಬೇಕು.

ಫಿಲ್ಟರ್‌ಕಾಫಿ_ಮೈಸೂರು | ಮುಂದಿನ ಶನಿವಾರ, ರಾತ್ರಿ 9.05

ಒಂದು ವಾರ ಕೂತು ಬದಲಾಯಿಸಿದ್ದೇವೆ. ದೀಪ ತೆಗೆದೆವು, ಹೆಜ್ಜೆ ಎಣಿಕೆ ತೆಗೆದೆವು. ಒಂಬತ್ತು ಪ್ರಶ್ನೆ ತಿಂಗಳಿಗೊಮ್ಮೆ ಮಾತ್ರ.

ಈಗ ತೆರೆದ ತಕ್ಷಣ ಕಾಣುವುದು ಒಂದು ಕಟ್ಟೆ, ಅದರಲ್ಲಿ ನೀರು. ಹಿನ್ನೆಲೆ ಕಪ್ಪು, ಬೆಳಕು ಚುಚ್ಚುವುದಿಲ್ಲ. ಕೆಳಗೆ ಮೂರು ದೊಡ್ಡ ಗುಂಡಿ: ಬಿಡಬಹುದು, ಸ್ವಲ್ಪ ಬಿಡಬಹುದು, ನಿಲ್ಲಿಸಿದೆ. ಬೆರಳು ಬಗ್ಗದಿದ್ದರೆ ಗೆಣ್ಣಿನಿಂದಲೂ ಒತ್ತಬಹುದು, ನಾನೇ ಒತ್ತಿ ನೋಡಿದೆ. ಮೈ ಭಾರ, ಕೈಕಾಲು ಸೋಲು, ತಲೆ ಮಂಕು ಎಂಬುದು ಬೇಕಾದರೆ ಮಾತ್ರ, ಕೇಳಿ ಪೀಡಿಸುವುದಿಲ್ಲ. ಮಿಸ್ಡ್ ಕಾಲ್ ನಂಬರ್ ಕೆಲಸ ಮಾಡುತ್ತಿದೆ. ಪೂರ್ತಿ ಎಂಬುದನ್ನು 124.80ಕ್ಕೆ ಕಟ್ಟಿಹಾಕಿಲ್ಲ. ಕಳೆದ ಎರಡು ತಿಂಗಳಲ್ಲಿ ನಿಮ್ಮದೇ ಒಳ್ಳೆಯ ದಿನ ಯಾವುದೋ ಅದೇ ಪೂರ್ತಿ.

ಖಾಲಿ ಬಿಟ್ಟ ದಿನದ ಬಗ್ಗೆ ತುಂಬಾ ಯೋಚಿಸಿದೆವು. ಈಗ ಆ್ಯಪ್ ಏನೂ ಹೇಳದೆ ಕಾಯುತ್ತದೆ. ನೀವು ಮತ್ತೆ ಬಂದ ದಿನ 'ಆ ದಿನಗಳು ಕಷ್ಟವಿತ್ತಾ?' ಎಂದು ಒಂದೇ ಸಲ ಕೇಳುತ್ತದೆ. ಹೌದು ಎಂದರೆ ಅಷ್ಟೂ ದಿನ ಕಪ್ಪು ಗೆರೆಯಾಗಿ ಡಾಕ್ಟರಿಗೆ ತೋರಿಸುವ ಹಾಳೆಗೆ ಹೋಗುತ್ತದೆ. ಅದರ ಹಿಂದಿನ ಎರಡು ದಿನ ಏನು ನಡೆಯಿತು ಎಂಬುದೂ ಪಕ್ಕದಲ್ಲಿ ಬರುತ್ತದೆ. ಬೀಗರೂಟ, ಡಯಾಲಿಸಿಸ್, ಹೊಸ ಮಾತ್ರೆ, ಏನಿದ್ದರೂ.

ಮನೆಯವರಿಗೆ ಹೋಗುವುದು ಒಂದೇ ಸಾಲು: ಇಂದಿನ ಮಟ್ಟ, ನಾಲೆ ಬಿಟ್ಟಿದೆಯೋ ನಿಲ್ಲಿಸಿದೆಯೋ. ಬೇರೆ ಏನೂ ಹೋಗುವುದಿಲ್ಲ. ಅದೂ ನೀವು ಕಳಿಸು ಎಂದರೆ ಮಾತ್ರ.

ನಾಲೆ_ಏರಿ, ಮೊದಲು ನಿಮಗೇ ಕಳಿಸಿದ್ದೇನೆ.

ನಾಲೆ_ಏರಿ | ಹತ್ತು ದಿನದ ನಂತರ, ಬೆಳಿಗ್ಗೆ 6.55

ಅಕ್ಕ, ದಿನಾ ಬಳಸುತ್ತಿದ್ದೇನೆ. ದಿನಾ ಎಂದರೆ ಆದ ದಿನ. ಮೂರು ದಿನ ಬಿಟ್ಟಿದ್ದೆ, ಬಂದಾಗ ಬೈಯಲಿಲ್ಲ. ಅದೇ ಸಾಕಾಯಿತು ನನಗೆ.

ಮೊನ್ನೆ 'ನಿಲ್ಲಿಸಿದೆ' ಒತ್ತಿ ಅಪ್ಪನಿಗೆ ಕಳಿಸಿ ಮಲಗಿದ್ದೆ. ಅವತ್ತು ಅಮ್ಮ ತವರಿಗೆ ಹೋಗಿದ್ದರು, ಮುದ್ದೆ ನಾನೇ ತೊಳಸಬೇಕಿತ್ತು. ಈ ಮಣಿಕಟ್ಟಿನಲ್ಲಿ ಮುದ್ದೆ ಕೋಲು ತಿರುಗಿಸುವುದು ಎಂದರೆ ಒಂದು ದಿನದ ನೀರೆಲ್ಲ ಅಲ್ಲಿಗೇ. ಎದ್ದು ಹೊರಗೆ ಬಂದು ನೋಡಿದರೆ ಅಪ್ಪ ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಮುದ್ದೆ ತೊಳಸುತ್ತಿದ್ದರು. ಗಂಟು ಗಂಟಾಗಿತ್ತು. ಏನೂ ಕೇಳಲಿಲ್ಲ. 'ನೀರಿಲ್ಲ ಅಂತ ಬಂದಿತ್ತಲ್ಲ, ಹೋಗಿ ಮಲಕ್ಕೋ' ಎಂದರು.

ಈಗ ಬೆಳಿಗ್ಗೆ ಪೇಪರಿನಲ್ಲಿ ಕಟ್ಟೆ ಮಟ್ಟ ನೋಡಿ, ಆಮೇಲೆ ಫೋನ್ ತೆಗೆದು ನನ್ನದು ನೋಡುತ್ತಾರೆ. ಒಂದು ಬದಲಾವಣೆ ಬೇಕು. ಮನೆಯವರಿಗೆ ಹೋಗುವ ಸಾಲಿನಲ್ಲಿ ಅಂಕಿ ತುಂಬಾ ಚಿಕ್ಕದಾಗಿದೆ, ಅಪ್ಪನಿಗೆ ಕನ್ನಡಕ ಹಾಕಿದರೂ ಕಾಣುವುದಿಲ್ಲ. ಪೇಪರಿನಲ್ಲಿ ಬರುವಷ್ಟು ದಪ್ಪ ಮಾಡಿಕೊಡಿ.